ಹೊಲದ ಮೇಲೆ ಹೈಟೆನ್ಶನ್ ಲೈನ್: ಪಹಣಿ ರೈತನದು, ಪರಿಹಾರ ಎಷ್ಟು?

ಟೇಕಲ್: ಕೋಲಾರ ಜಿಲ್ಲೆಗೆ ಹೈಟೆನ್ಶನ್ ಲೈನ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದಿದ್ದರು. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 500 ಕೆವಿ ಡಿಸಿ ಲೈನ್ ಬಂತು. ಮಾಲೂರಿನ ಫ್ಯಾಕ್ಟರಿಗಾಗಲಿ, ಟೇಕಲ್ ಅಂಗಡಿಯ ಫ್ರಿಜ್‌ಗಾಗಲಿ ಕರೆಂಟ್ ಯಾರದೋ ಹೊಲ ದಾಟಿಯೇ ಬರಬೇಕು. ಆ ಹೊಲದವರಿಗೆ ಏನು ಸಿಗುತ್ತೆ?

ಲೈನ್ ಎಳೆಯೋಕೆ ಜಮೀನು ಸ್ವಾಧೀನ ಮಾಡಿಕೊಳ್ಳಲ್ಲ. ವಿದ್ಯುತ್ ಕಾಯ್ದೆ 2003ರ ಕಲಂ 164ರಡಿ ಸರ್ಕಾರ ಆದೇಶ ಕೊಟ್ಟರೆ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಲೈನ್ ಎಳೆಯುವವರಿಗೆ ಸಿಗುತ್ತದೆ. 2023ರ ಟೆಲಿಕಾಂ ಕಾಯ್ದೆ ಬಂದ ಮೇಲೂ ಆ ಭಾಗವನ್ನು ಲೈನ್‌ಗಳಿಗೋಸ್ಕರ ಉಳಿಸಿಕೊಂಡಿದ್ದಾರೆ. ಪಹಣಿ ರೈತನ ಹೆಸರಲ್ಲೇ ಇರುತ್ತೆ, ಅವರಿಗೆ ಬಳಕೆಯ ಹಕ್ಕು ಮಾತ್ರ. ಕೇಳೋಕೆ ಚೆನ್ನಾಗಿದೆ. ಆದರೆ ತಂತಿ ಕೆಳಗೆ ರಾಗಿ, ಟೊಮೆಟೊ ಬೆಳೀಬಹುದೇ ಹೊರತು ಮನೆ ಕಟ್ಟುವಂತಿಲ್ಲ, ತೆಂಗು, ನೀಲಗಿರಿಯಂಥ ಎತ್ತರದ ಮರ ಬೆಳೆಸುವಂತಿಲ್ಲ.

ಕಾರಿಡಾರ್ ಅಗಲ 66 ಕೆವಿಗೆ 18 ಮೀಟರ್, 220 ಕೆವಿಗೆ 35, 400 ಕೆವಿಗೆ 46. 220 ಕೆವಿ ಲೈನ್ ಹೊಲದಲ್ಲಿ ನೂರು ಮೀಟರ್ ಹಾದರೆ ಸುಮಾರು 35 ಗುಂಟೆ ಅದರಡಿ ಹೋಯ್ತು. ಒಂದೂವರೆ ಎಕರೆ ಇರುವವರಿಗೆ ನಿರ್ಬಂಧ ಇಲ್ಲದೆ ಉಳಿಯೋದು 25 ಗುಂಟೆ. ಲೇಔಟ್‌ಗಳು ಹತ್ತಿರ ಬರ್ತಿರೋ ಕಡೆ ಈ ನಷ್ಟ ಬೆಳೆ ಲೆಕ್ಕದಲ್ಲಿ ಸಿಗೋದೇ ಇಲ್ಲ.

ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರ್ ಕಾಲುಗಳ ನಡುವಿನ ಜಾಗಕ್ಕೆ ಜಮೀನು ಬೆಲೆಯ ಶೇ 85, ಕಾರಿಡಾರ್‌ಗೆ ಗರಿಷ್ಠ ಶೇ 15 ಇತ್ತು. ಜೂನ್ 2024ರಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಬೆಳೆ, ಮರದ ಪರಿಹಾರ ಬೇರೆ. ಆದರೆ ಇದು ಮಾರ್ಗಸೂಚಿ, ರಾಜ್ಯ ಒಪ್ಪಿಕೊಳ್ಳಬೇಕು. ಹಾಗಾಗಿ ಯಾವ ಆದೇಶದ ದರ, ಜಮೀನಿಗೆ ಯಾವ ಬೆಲೆ ಹಿಡಿದಿದ್ದಾರೆ ಅಂತ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೇದು.

ಮಾರ್ಗ ಬದಲಿಸಿ ಅನ್ನೋದು ಸರ್ವೆ ಹಂತದಲ್ಲೇ ಆಗಬೇಕಾದ ಮಾತು. ತಿರುವಿನ ಕಡೆ ಗಟ್ಟಿ ಟವರ್ ಬೇಕು, ಖರ್ಚು ಜಾಸ್ತಿ. ನಮ್ಮ ಹೊಲ ತಪ್ಪಿದ ಲೈನ್ ಪಕ್ಕದವರ ಹೊಲಕ್ಕೇ ಹೋಗೋದು. ಸರ್ಕಾರಿ ಗೋಮಾಳ, ಬಂಡೆ ಪ್ರದೇಶ ಹತ್ತಿರ ಇದ್ದರೆ ಅದನ್ನು ನಕ್ಷೆಯಲ್ಲಿ ತೋರಿಸಿ ಊರಿನವರೆಲ್ಲ ಒಟ್ಟಿಗೆ ಕೇಳಿದರೆ ಮಾತಿಗೆ ತೂಕ ಬರುತ್ತೆ. ಗುಂಡಿ ತೋಡಿದ ಮೇಲೆ ಅಡ್ಡ ನಿಂತರೆ ಕಲಂ 16ರಡಿ ಜಿಲ್ಲಾಧಿಕಾರಿ ಕೆಲಸಕ್ಕೆ ಅನುಮತಿ ಕೊಡಬಹುದು.

ಪರಿಹಾರ ಕಡಿಮೆ ಅನಿಸಿದರೆ ಅದೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಬೇಕಾಗೋದು ಪಹಣಿ, ಮಹಜರ್ ಪ್ರತಿ, ಕಡಿಯೋ ಮುಂಚೆ ತೆಗೆದ ಮರಗಳ ಫೋಟೊ.