ಸಂಖ್ಯೆ ಮತ್ತು ಜೋಡಿ: ರಣಥಂಭೋರ್ ಹುಲಿಗಳ ಜೀನೋಮ್ ಕುರಿತು ಒಂದು ಮರುವಿಚಾರ

ರಕ್ತಸಂಬಂಧಿಗಳ ಸಂತಾನ ಸೊರಗುತ್ತದೆ ಎಂಬುದರಲ್ಲಿ ಈಗ ತಕರಾರಿಲ್ಲ. ಸಸ್ಯಗಳಲ್ಲಿ ಅದನ್ನು ಡಾರ್ವಿನ್ 1876ರಲ್ಲೇ ತೋರಿಸಿದ್ದ. ಮೃಗಾಲಯಗಳ ಗೊರಸು ಪ್ರಾಣಿಗಳಲ್ಲಿ ರಾಲ್ಸ್ ಮತ್ತು ಸಂಗಡಿಗರು 1979ರಲ್ಲಿ ತೋರಿಸಿದರು. ತಕರಾರಿರುವುದು ಪರಿಹಾರದಲ್ಲಿ: ಸೊರಗಿದ ಗುಂಪಿಗೆ ಹೊಸ ಪ್ರಾಣಿಗಳನ್ನು ಎಲ್ಲಿಂದ ತರಬೇಕು?

ದೊಡ್ಡ ಗುಂಪುಗಳಲ್ಲಿ ತೀವ್ರ ಹಾನಿಯ ಅಪ್ರಬಲ ಆಲೀಲುಗಳು ಅಡಗಿರುತ್ತವೆ, ಬಹುಕಾಲ ಮಧ್ಯಮ ಗಾತ್ರದಲ್ಲಿದ್ದ ಗುಂಪುಗಳಲ್ಲಿ ಅವು ಬಯಲಿಗೆ ಬಂದು ಆಯ್ಕೆಗೆ ಸಿಕ್ಕಿ ಅಳಿದಿರುತ್ತವೆ, ಆದ್ದರಿಂದ ಅಲ್ಲಿಂದ ತರುವುದೇ ಲೇಸು ಎಂದು ಕಿರಿಯಾಜಿಸ್, ವೇಯ್ನ್ ಮತ್ತು ಲೋಮುಲರ್ 2021ರಲ್ಲಿ ಗಣಕ ಮಾದರಿಗಳ ಬಲದಿಂದ ವಾದಿಸಿದರು. ವಾದ ಸೊಗಸಾಗಿದೆ, ನಮ್ಮ ಹುಲಿಗಳಿಗೆ ಹೊಂದುವುದು ಅನುಮಾನ.

ಅದೇ ವರ್ಷ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 57 ಹುಲಿಗಳ ಪೂರ್ಣ ಜೀನೋಮನ್ನು ಓದಿ ಪ್ರಕಟಿಸಿತು. ಒಂಟಿಯಾಗಿ ಉಳಿದ ರಣಥಂಭೋರಿನಲ್ಲಿ ಒಳಸಂಕರದ ಸರಾಸರಿ ಸೂಚ್ಯಂಕ 0.57, ದೊಡ್ಡದಾದ, ಪರಸ್ಪರ ಸಂಪರ್ಕವುಳ್ಳ ಎರಡು ಗುಂಪುಗಳಲ್ಲಿ 0.35 ಮತ್ತು 0.46. ಜೀನನ್ನೇ ನಿಷ್ಕ್ರಿಯಗೊಳಿಸುವ ಆಲೀಲುಗಳು ರಣಥಂಭೋರಿನಲ್ಲೇ ಅತಿ ಕಡಿಮೆ. ಇಷ್ಟನ್ನೇ ಓದಿ ನಿಲ್ಲಿಸಿದವರಿಗೆ ಅದು ಶುದ್ಧಿಗೊಂಡ ಗುಂಪಿನಂತೆ ಕಂಡೀತು.

ಆದರೆ ಎಣಿಕೆ ಒಂದು, ಹಾನಿ ಇನ್ನೊಂದು. ಅಪ್ರಬಲ ಆಲೀಲು ಕಾಡುವುದು ತಾಯಿ ತಂದೆ ಇಬ್ಬರಿಂದಲೂ ಬಂದು ಜೋಡಿಯಾದಾಗ. ರಣಥಂಭೋರಿನಲ್ಲಿ ಉಳಿದ ಕೆಲವೇ ನಿಷ್ಕ್ರಿಯ ಆಲೀಲುಗಳು ಉಳಿದೆಡೆಗಿಂತ ಹೆಚ್ಚು ಪ್ರಮಾಣದಲ್ಲಿ ಹಬ್ಬಿ, ಹೆಚ್ಚಾಗಿ ಜೋಡಿಗೂಡಿವೆ. ಪ್ರೋಟೀನಿನ ಒಂದು ಅಮೈನೊ ಆಮ್ಲವನ್ನಷ್ಟೇ ಬದಲಿಸುವ ವಿಕೃತಿಗಳ ಹೊರೆಯೂ ಅಲ್ಲೇ ಹೆಚ್ಚು. ಇವುಗಳಲ್ಲಿ ಸೌಮ್ಯ ಹಾನಿಯವು ಪುಟ್ಟ ಗುಂಪಿನಲ್ಲಿ ಆಯ್ಕೆಗಿಂತ ಆಕಸ್ಮಿಕದ ಕೈಯಲ್ಲಿರುತ್ತವೆ. ಎಲ್ಲ ಹುಲಿಗಳಲ್ಲೂ ನೆಲೆಗೊಂಡ ವಿಕೃತಿಯನ್ನು ಆಯ್ಕೆ ತೊಲಗಿಸಲಾರದು. ಪರ್ಯಾಯ ಆಲೀಲು ಹೊರಗಿನಿಂದ ಬರಬೇಕು. ಆದ್ದರಿಂದ ರಣಥಂಭೋರಿನ ಮಟ್ಟಿಗಾದರೂ, ತರುವ ಹುಲಿಯಲ್ಲಿ ನೋಡಬೇಕಾದದ್ದು ಹಗುರ ಹೊರೆಯನ್ನಲ್ಲ, ಜೀನೋಮಿನ ಭಿನ್ನತೆಯನ್ನು ಎಂಬುದು ನನ್ನ ನಿಲುವು. ಜೀನೋಮ್ ಓದಿದ ತಂಡದ ಖಾನ್, ರಾಮಕೃಷ್ಣನ್ ಮೊದಲಾದವರ ಸಲಹೆಯೂ ಹೆಚ್ಚುಕಡಿಮೆ ಇದೇ. ವಿಕೃತಿಗಳ ಹಾನಿ ಇಲ್ಲಿ ಅನುಕ್ರಮದಿಂದ ಊಹಿಸಿದ್ದೇ ಹೊರತು ಮರಿಗಳ ಉಳಿವಿನಿಂದ ಅಳೆದದ್ದಲ್ಲ ಎಂಬ ಮಿತಿ ಈ ನಿಲುವಿಗೂ ಅನ್ವಯಿಸುತ್ತದೆ.

ಎದುರುವಾದಿಗಳು ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪವನ್ನು ಮುಂದೊಡ್ಡುತ್ತಾರೆ. 1997ರಲ್ಲಿ ಮಂಜುಗಡ್ಡೆ ದಾಟಿ ಬಂದ ಒಂದು ಗಂಡುತೋಳದ ವಂಶ ದ್ವೀಪವನ್ನೇ ಆವರಿಸಿತು. 2016ರ ಹೊತ್ತಿಗೆ ಉಳಿದದ್ದು ಎರಡೇ ತೋಳ. ಅಡಗಿದ್ದ ಹಾನಿ ಹೊರಬಿತ್ತು, ನಿಜ. ಹೊರಬಿದ್ದದ್ದಕ್ಕೆ ಆ ಗಂಡು ಎಲ್ಲಿಯದೆಂಬುದಷ್ಟೇ ಕಾರಣವಲ್ಲ. ಬಂದದ್ದು ಒಂದೇ, ಆಮೇಲೆ ಅದರ ಸಂತತಿ ತನ್ನೊಳಗೇ ಕೂಡಿತು. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದ ಫ್ಲೋರಿಡಾದಲ್ಲಿ ಗುಂಪು ಚೇತರಿಸಿಕೊಂಡಿತು. ಎಷ್ಟು ತಲೆಮಾರಿಗೊಮ್ಮೆ, ಎಷ್ಟು ಹುಲಿಗಳನ್ನು ತಂದರೆ ಸಾಕು ಎಂಬುದನ್ನು ಈ ಎರಡು ಉದಾಹರಣೆಗಳಿಂದ ನಿರ್ಣಯಿಸಲಾಗದು. ಅದಕ್ಕೆ ರಣಥಂಭೋರಿನ ವಂಶಾವಳಿಯನ್ನೂ ಜೀನೋಮನ್ನೂ ಜೊತೆಗಿಟ್ಟು ಓದಬೇಕು.