ತಂತಿಬೇಲಿಯೊಳಗಿನ ಬಾಲ್ಯ

ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂದು ಕರೆಯಲಾಗುವ ಒಂದು ಪ್ರದೇಶವಿದೆ. ಬ್ರಿಟಿಷರ ಮುಂಬಯಿ ಪ್ರಾಂತ್ಯದ ಸರ್ಕಾರವು ‘ಅಪರಾಧಿ ಬುಡಕಟ್ಟು’ ಎಂದು ಮುದ್ರೆಯೊತ್ತಿದ ಜನರನ್ನು ಸಂಸಾರಸಮೇತ ಕೂಡಿಹಾಕಿದ ತಾಣವದು. ಬಿಜಾಪುರ, ಗದಗಗಳಲ್ಲಿಯೂ ಇಂತಹ ವಸಾಹತುಗಳಿದ್ದವು. ಅಲ್ಲಿ ದಿನವೂ ಹಾಜರಿ ಕೊಡಬೇಕು. ಹೊರಗೆ ಹೋಗಬೇಕಾದರೆ ಪಾಸು ಪಡೆಯಬೇಕು. ದುಡಿಮೆ ಬಹುಮಟ್ಟಿಗೆ ಹತ್ತಿಯ ಗಿರಣಿಗಳಲ್ಲಿ.

ಹೀಗೆ ಒಳಗಾದವರಲ್ಲಿ ಕೊರವರು ಮೊದಲಾದ ಅಲೆಮಾರಿಗಳಿದ್ದರು. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಸುತ್ತಿ ಬದುಕುತ್ತಿದ್ದ ಇಂತಹ ಸಮುದಾಯಗಳ ವ್ಯಾಪಾರವನ್ನು ರೈಲೂ ಸರ್ಕಾರದ ಉಪ್ಪಿನ ನೀತಿಯೂ ಕಸಿದುಕೊಂಡವು. ಬದುಕಿಗಾಗಿ ಅಲೆಯುವುದೇ ಅನಂತರ ಅನುಮಾನಕ್ಕೆ ಕಾರಣವಾಯಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು 1871ರ ಕಾಯಿದೆಯ ಹಿಂದಿದ್ದ ತರ್ಕ. ನಮ್ಮ ‘ವಡ್ಡಾರಾಧನೆ’ಯ ವಿದ್ಯುಚ್ಚೋರನಾದರೋ ರಾಜಪುತ್ರನಾಗಿ ಹುಟ್ಟಿ, ಚೌರ್ಯವಿದ್ಯೆಯನ್ನು ಕಲಿತು, ಕೊನೆಗೆ ರಿಸಿಯಾದವನು. ಕಳವು ಕಲಿಕೆಯೇ ಹೊರತು ಕುಲವಲ್ಲ ಎಂಬುದು ಆ ಪ್ರಾಚೀನ ಗದ್ಯಕಾರನಿಗೆ ತಿಳಿದಿತ್ತು; ಆಳುವವರಿಗೆ ತಿಳಿದಿರಲಿಲ್ಲ.

ಆ ಕಾಯಿದೆಯ ಅತ್ಯಂತ ಕ್ರೂರವಾದ ಭಾಗ ಮಕ್ಕಳಿಗೆ ಸಂಬಂಧಿಸಿದ್ದು. 1911ರ ಹಾಗೂ 1924ರ ರೂಪಗಳಲ್ಲಿ, ಆರು ವರ್ಷ ಮೀರಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಿಗೆ ಒಯ್ಯುವ ಅಧಿಕಾರ ಸರ್ಕಾರಕ್ಕಿತ್ತು. ಮಗು ಕದ್ದಿರಬೇಕಾಗಿಯೂ ಇರಲಿಲ್ಲ, ಹುಟ್ಟಿದ್ದೇ ಸಾಕು. ಇದಕ್ಕೆ ‘ಸುಧಾರಣೆ’ ಎಂದು ಹೆಸರಿಟ್ಟದ್ದು ಭಾಷೆಗೂ ಮಾಡಿದ ಅಪಚಾರ.

ಇದೇ ಬಗೆಯ ದಾಖಲೆಪುಸ್ತಕ ಜರ್ಮನಿಯಲ್ಲಿಯೂ ಸಿದ್ಧವಾಗುತ್ತಿತ್ತು. ಭಾರತಮೂಲದ ಭಾಷೆಯನ್ನಾಡುವ, ನೀರಿಗೆ ‘ಪಾನಿ’, ಮೂಗಿಗೆ ‘ನಾಕ್’ ಎನ್ನುವ ರೋಮಾ ಜನರ ಪಟ್ಟಿಯನ್ನು ಮ್ಯೂನಿಕ್ ಪೊಲೀಸರು 1899ರಿಂದಲೇ ತಯಾರಿಸತೊಡಗಿದ್ದರು. ಅಲ್ಲಿ ಅದರ ಕೊನೆ ನರಮೇಧ. ಹುಬ್ಬಳ್ಳಿಯ ಬೇಲಿಗೂ ಆಶ್‌ವಿಟ್ಸ್‌ನ ಬೇಲಿಗೂ ಇರುವ ಅಂತರವನ್ನು ಅಳಿಸುವುದು ಸಲ್ಲದು; ಹುಟ್ಟಿನಿಂದಲೇ ಅಪರಾಧಿ ಎಂಬ ಎಣಿಕೆ ಮಾತ್ರ ಎರಡೂ ಕಡೆ ಒಂದೇ. 1944ರ ಆಗಸ್ಟ್ 2ರ ರಾತ್ರಿ ಆಶ್‌ವಿಟ್ಸ್-ಬಿರ್ಕೆನೌದ ರೋಮಾ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು. ತಂದೆಯನ್ನೂ ತಮ್ಮನನ್ನೂ ಕಳೆದುಕೊಂಡು ಮೂರು ಶಿಬಿರಗಳಿಂದ ಬದುಕಿ ಬಂದ ಆಸ್ಟ್ರಿಯಾದ ಚೈಯಾ ಸ್ಟೋಯ್ಕಾಗೆ ಬಿಡುಗಡೆಯಾದಾಗ ಹನ್ನೆರಡೂ ತುಂಬಿರಲಿಲ್ಲ. ಅವರ ನೆನಪುಗಳು ಪುಸ್ತಕವಾದುದು 1988ರಲ್ಲಿ. ಪಶ್ಚಿಮ ಜರ್ಮನಿಯ ಸರ್ಕಾರ ಆ ನರಮೇಧವನ್ನು ಒಪ್ಪಿಕೊಂಡದ್ದೂ 1982ರಷ್ಟು ತಡವಾಗಿ.

ಭಾರತದಲ್ಲಿ ಕಾಯಿದೆ ರದ್ದಾದುದು 1952ರ ಆಗಸ್ಟ್ 31ರಂದು. ‘ಅಪರಾಧಿ’ಗಳು ‘ವಿಮುಕ್ತ’ರಾದರು, ಆದರೆ ‘ರೂಢಿಗತ ಅಪರಾಧಿ’ಗಳ ಹೊಸ ಕಾಯಿದೆಗಳು ಬಂದವು, ಕರ್ನಾಟಕದಲ್ಲಿ 1961ರಲ್ಲಿ. ಕಾಯಿದೆ ಹೋದ ವರ್ಷ ಆರು ವರ್ಷದ ಮಗುವಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಹಾಜರಿಯ ಕೂಗನ್ನು ತಮ್ಮ ಕಿವಿಯಿಂದಲೇ ಕೇಳಿದ ಕೊನೆಯ ತಲೆಮಾರು ಅದು.