ಕೋಳಿಗಿಂತ ಮೊದಲು ಏಳುವ ಮಕ್ಕಳು

ಎರಡು-ಮೂರು ವರ್ಷದ ಮಗುವಿರುವ ಮನೆಯಲ್ಲಿ ಅಲಾರಂ ಇಡುವ ಅಗತ್ಯ ಬೀಳುವುದಿಲ್ಲ. ಐದೂವರೆಗೆ ಎದ್ದು ಕುಳಿತು, ಮಲಗಿರುವ ತಾಯಿಯ ಕಣ್ಣುರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ನೋಡುವ ಮಗು ಎಲ್ಲ ಕಡೆಯೂ ಇದೆ. "ಇನ್ನೊಂದು ಗಂಟೆ ಮಲಗಿಸಲು ಏನು ಮಾಡಬೇಕು?" ಎಂದು ಯುವ ತಾಯಂದಿರು ಕೇಳುತ್ತಾರೆ. ಅವರ ಅಜ್ಜಿಯಂದಿರ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಹಾಗಾದರೆ ಆ ಕಾಲದ ಮಕ್ಕಳು ತಡವಾಗಿ ಏಳುತ್ತಿದ್ದರೇ? ಇಲ್ಲ. ಬದಲಾಗಿರುವುದು ಮಗುವಲ್ಲ, ಮಗುವಿನ ಸುತ್ತಲಿನ ಮನೆ, ದೀಪ ಮತ್ತು ಗಂಟೆ. ಹೆಗ್ಗಡದೇವನಕೋಟೆಯ ಸೀಮೆಯನ್ನು ಎದುರಿಗಿಟ್ಟುಕೊಂಡು ಇದನ್ನು ಸ್ವಲ್ಪ ನೋಡಬಹುದು.

ಮೊದಲು ಸೂರ್ಯನ ಲೆಕ್ಕ. ಕೋಟೆ ಇರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಮೇ ತಿಂಗಳ ಕೊನೆಗೆ ಸೂರ್ಯ ಆರಕ್ಕೆ ಐದು ನಿಮಿಷವಿರುವ ಆಸುಪಾಸಿನಲ್ಲಿ ಹುಟ್ಟಿದರೆ, ಜನವರಿಯ ಕೊನೆಗೆ ಆರೂಮುಕ್ಕಾಲು ದಾಟಿರುತ್ತದೆ. ವರ್ಷವಿಡೀ ವ್ಯತ್ಯಾಸ ಒಂದು ಗಂಟೆಯೊಳಗೆ. ಯುರೋಪಿನಲ್ಲಿ ಬೇಸಿಗೆಯ ಮಗು ನಾಲ್ಕಕ್ಕೇ ಬೆಳಕು ಕಂಡು ಏಳುವ ಕಷ್ಟ ನಮಗಿಲ್ಲ. ಆದರೆ ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷ ಮೊದಲೇ ಮಬ್ಬುಬೆಳಕು ಹರಡುತ್ತದೆ, ಮಕ್ಕಳ ಕಣ್ಣಿಗೆ ಅದು ಸಾಕು. ನಿದ್ದೆ ತರಿಸುವ ಮೆಲಟೋನಿನ್ ಎಂಬ ರಸವನ್ನು ಬೆಳಕು ತಡೆಯುತ್ತದೆ, ಅದರಲ್ಲೂ ಪುಟ್ಟ ಮಕ್ಕಳಲ್ಲಿ ಹೆಚ್ಚು ಎಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಬೆಳಗಿನ ಜಾವದ ನಿದ್ದೆಯೇ ತೆಳುವಾದದ್ದು. ಆ ಹೊತ್ತಿಗೆ ಬೆಳಕು, ಸದ್ದು, ಹಸಿವು ಯಾವುದು ಬಂದರೂ ಮಗು ಎದ್ದುಬಿಡುತ್ತದೆ. ಹದಿಹರೆಯದವರ ದೇಹವೇ ತಡವಾಗಿ ಏಳಲು ಬಯಸುತ್ತದೆ, ಪುಟ್ಟ ಮಕ್ಕಳದ್ದು ಬೇಗ ಏಳಲು. ಇದು ಯಾರ ಮುದ್ದಿನಿಂದಲೂ ಕೆಟ್ಟ ಅಭ್ಯಾಸವಲ್ಲ.

ಹಳೆಯ ಮನೆ ಈ ಬೆಳಕಿಗೆ ತಡೆಯಾಗಿತ್ತು. ಮೊಳದುದ್ದ ದಪ್ಪದ ಮಣ್ಣಿನ ಗೋಡೆ, ನಾಡಹೆಂಚಿನ ಇಳಿಮಾಡು, ಕೈ ತೂರುವಷ್ಟು ಗವಾಕ್ಷಿ. ನಡುಮನೆಯಲ್ಲಿ ಏಳು ಗಂಟೆಗೂ ಇರುಳೇ. ನಾವು ಈ ಮನೆಗಳನ್ನು ಗಾಳಿ-ಬೆಳಕಿಲ್ಲದ ಗೂಡುಗಳೆಂದು ಬೈದು ಕೆಡವಿದ್ದೇವೆ. ಒಲೆಯ ಹೊಗೆ ಮತ್ತು ಕ್ಷಯದ ದೃಷ್ಟಿಯಿಂದ ಆ ಬೈಗುಳ ಸರಿಯೇ. ಆದರೆ ತಾರಸಿ ಮನೆ ಕಟ್ಟಿ, ಪೂರ್ವಕ್ಕೆ ದೊಡ್ಡ ಗಾಜಿನ ಕಿಟಕಿಯಿಟ್ಟು, ಅದರ ಕೆಳಗೇ ಮಗುವಿನ ಹಾಸಿಗೆ ಹಾಕಿದಾಗ ಒಂದು ರಕ್ಷಣೆಯನ್ನೂ ಕಳೆದುಕೊಂಡೆವು. ಮೈಸೂರು ಸೀಮೆಯ ಕುರಿಯ ಉಣ್ಣೆಯ ಕರಿಕಂಬಳಿಯನ್ನು ಮಗುವಿನ ತಲೆಯ ಕಡೆಗೆ ಪರದೆಯಂತೆ ಕಟ್ಟುತ್ತಿದ್ದ ಹಿರಿಯರಿಗೆ ಮೆಲಟೋನಿನ್ ಗೊತ್ತಿರಲಿಲ್ಲ, ಕೆಲಸ ಮಾತ್ರ ಗೊತ್ತಿತ್ತು.

ಇನ್ನೊಂದು ವಿಷಯ, ಇದೇ ಮುಖ್ಯವಾದದ್ದು. ಹಿಂದಿನ ಮಗು ಬೇಗ ಏಳುತ್ತಿತ್ತು, ಬೇಗ ಮಲಗಿಯೂ ಬಿಡುತ್ತಿತ್ತು. ಸೀಮೆಎಣ್ಣೆಯ ಬುಡ್ಡಿ ದೀಪ ಎಷ್ಟು ಹೊತ್ತು ಉರಿಯಬೇಕೆಂಬುದನ್ನು ಎಣ್ಣೆಯ ಬೆಲೆ ನಿರ್ಧರಿಸುತ್ತಿತ್ತು. ಮುದ್ದೆ ಉಂಡು ಏಳೂವರೆ-ಎಂಟಕ್ಕೆ ಮಲಗಿದ ಮಗು ಐದೂವರೆಗೆ ಎದ್ದರೂ ಹತ್ತು ಗಂಟೆಯ ನಿದ್ದೆ ಮುಗಿದಿರುತ್ತಿತ್ತು. ಕೊರತೆಯಾದದ್ದನ್ನು ಮಧ್ಯಾಹ್ನ ಜಗಲಿಯಲ್ಲೋ ಹೊಲದ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲೋ ತುಂಬಿಕೊಳ್ಳುತ್ತಿತ್ತು. ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದ ಪ್ರಮಾಣ ಇಷ್ಟು: ಮೂರರಿಂದ ಐದು ವರ್ಷದವರಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ. ನಮ್ಮ ಹಳ್ಳಿಯ ಜೋಲಿ ಈ ಲೆಕ್ಕವನ್ನು ತಪ್ಪಿಸಿರಲಿಲ್ಲ.

ಧರ್ಮಗಳೂ ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಕಠಿಣವಾಗಿರಲಿಲ್ಲ. ಮಕ್ಕಳಿಗೆ ನಮಾಝ್ ಹೇಳಿಕೊಡುವ ವಯಸ್ಸನ್ನು ಏಳು ಎಂದು ಹದೀಸ್ ಹೇಳುತ್ತದೆ. ಅಂದರೆ ಮೂರು ವರ್ಷದ ಮಗುವನ್ನು ಫಜ್ರ್‌ಗೆ ಎಬ್ಬಿಸುವ ಹೊಣೆ ಯಾರ ಮೇಲೂ ಇಲ್ಲ. ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಮನೆಯ ಮಕ್ಕಳೂ ಹಿರಿಯರ ಕೋಣೆಗೆ ಅನುಮತಿ ಕೇಳಿ ಹೋಗಬೇಕಾದ ಮೂರು ಹೊತ್ತುಗಳ ಮಾತಿದೆ: ಫಜ್ರ್‌ಗೆ ಮೊದಲು, ನಡುಹಗಲಿನಲ್ಲಿ, ಇಶಾದ ಬಳಿಕ. ನಡುಹಗಲು ಮನೆಮಂದಿ ವಿಶ್ರಮಿಸುವ ಹೊತ್ತೆಂಬುದು ಅಲ್ಲಿ ಸಹಜವಾಗಿ ಬಂದಿದೆ. ಆದರೂ ರಂಜಾನಿನಲ್ಲಿ ಸಹರಿಯ ತಟ್ಟೆಗಳ ಸದ್ದಿಗೆ ಯಾರೂ ಕರೆಯದೆಯೇ ಎದ್ದು ಬರುವವರು ಪುಟ್ಟವರೇ. ಹಿಂದೂ ನೆರೆಮನೆಗಳಲ್ಲಿ ಧನುರ್ಮಾಸದ ಕೊರೆಯುವ ಚಳಿಯಲ್ಲಿ ದೇವಸ್ಥಾನದ ಬಿಸಿ ಹುಗ್ಗಿಗಾಗಿ ಹಾಸಿಗೆ ಬಿಡುವ ಮಕ್ಕಳದ್ದೂ ಇದೇ ಕಥೆ. ತಿನ್ನಲು ಏನಾದರೂ ಇದೆಯೆಂದರೆ ನಿದ್ದೆಯ ಸಿದ್ಧಾಂತಗಳೆಲ್ಲ ಸೋಲುತ್ತವೆ.

ಇನ್ನು ಗಂಟೆಯ ಕಥೆ. ಮೈಸೂರಿನ ಚಿಕ್ಕ ಗಡಿಯಾರದ ಗೋಪುರ ಡಫರಿನ್ ಪ್ರಭುವಿನ ಭೇಟಿಯ ನೆನಪಿನದು, 1886ರ ಕಾಲದ್ದು. ಕನ್ನಡ ಅಂಕಿಗಳಿರುವ ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಬೆಳ್ಳಿಹಬ್ಬಕ್ಕೆ 1927ರಲ್ಲಿ ಬಂತು. ಕೋಟೆಗಾಗಲಿ ಹುಣಸೂರು, ಪಿರಿಯಾಪಟ್ಟಣಗಳಿಗಾಗಲಿ ರೈಲು ಬರಲೇ ಇಲ್ಲ; ಈ ಭಾಗದಲ್ಲಿ ಕೃಷ್ಣರಾಜನಗರಕ್ಕೆ ಮಾತ್ರ ಆ ಭಾಗ್ಯ. ಹಾಗಾಗಿ ಕೋಟೆಗೆ ಗಡಿಯಾರ ತಂದದ್ದು ರೈಲಲ್ಲ, ಕಚೇರಿ ಮತ್ತು ಶಾಲೆ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು, ಆಯ್ದ ಕಡೆಗಳಲ್ಲಿ ಶಾಲೆಯನ್ನು ಕಡ್ಡಾಯಗೊಳಿಸುವ ದಾರಿ ತೆರೆಯಿತು. ಅದಕ್ಕೆ ಕೆಲವು ವರ್ಷ ಮೊದಲು, 1906ರ ಜನವರಿ 1ರಂದು, ಭಾರತೀಯ ಪ್ರಮಾಣಿತ ಸಮಯ ಜಾರಿಗೆ ಬಂದಿತ್ತು. ಅದು 82.5 ಡಿಗ್ರಿ ರೇಖಾಂಶದ ಸಮಯ. ಕೋಟೆ ಇರುವುದು 76.3ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಹಾಕಿದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 25 ನಿಮಿಷ ಹಿಂದೆ. ಗೋಡೆಯ ಗಡಿಯಾರದಲ್ಲಿ ಆರು ಹೊಡೆದಾಗ ಕೋಟೆಯ ಮಗುವಿಗೆ ಇನ್ನೂ ಐದೂವರೆ ದಾಟಿದೆಯಷ್ಟೆ. ಯುದ್ಧದ ಅವಧಿಯಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಭಾರತದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಳ್ಳಲಾಗಿತ್ತು. ಅದನ್ನು ಪಾಲಿಸಿದ್ದರೆ ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುತ್ತಿದ್ದುದು ಏಳೂಮುಕ್ಕಾಲಿಗೆ!

ಆದರೂ ಸರಕಾರಿ ಶಾಲೆ ಮಗುವಿನ ನಿದ್ದೆಗೆ ಶತ್ರುವಾಗಲಿಲ್ಲ. ಹತ್ತರ ಆಸುಪಾಸಿಗೆ ಪ್ರಾರ್ಥನೆ, ಶನಿವಾರ ಮಾತ್ರ ಬೆಳಗಿನ ಶಾಲೆ. 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲೇ. ಅಂಗನವಾಡಿಯ ಮಗು ಬಿಸಿಲೇರಿದ ಮೇಲೆ ಹೋಗಿ, ಉಂಡು, ಚಾಪೆಯ ಮೇಲೆ ಸಾಲಾಗಿ ಮಲಗುತ್ತದೆ. ಇದನ್ನು ನೋಡಿ 'ಅಲ್ಲಿ ಏನೂ ಕಲಿಸುವುದಿಲ್ಲ, ಮಲಗಿಸುತ್ತಾರೆ' ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ಮಲಗಿಸುವುದು ಸಣ್ಣ ಕೆಲಸವೇ?

ಮುಂಜಾವನ್ನು ಕದಡಿದ್ದು ದೊಡ್ಡವರ ದುಡಿಮೆ. ಹಾಲಿನ ಸೊಸೈಟಿಗಳು ಬಂದ ಮೇಲೆ ಆರು ಗಂಟೆಗೆ ಕ್ಯಾನು ತುಂಬಲೇಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೇರೂರಿದ ಮೇಲೆ ಮಳೆಗಾಲದ ತಿಂಗಳುಗಳಲ್ಲಿ ತಾಯಿ ನಸುಕಿಗೇ ಎಲೆ ಮುರಿಯಲು ಹೋಗುತ್ತಾಳೆ, ತಂದೆ ರಾತ್ರಿಯಿಡೀ ಬ್ಯಾರನ್ನಿನ ಬೆಂಕಿ ಕಾಯುತ್ತಾನೆ. ಮಗ್ಗುಲಿನ ಬಿಸಿ ಆರಿದೊಡನೆ ಮಗುವಿಗೆ ಎಚ್ಚರ. ಕಾಡಂಚಿನ ಊರುಗಳಲ್ಲಿ ಆನೆ ಓಡಿಸುವ ಪಟಾಕಿಯ ಸದ್ದು ಬೇರೆ. ಇಂಥ ಮನೆಗಳಿಗೆ 'ಮಗುವನ್ನು ಏಳರವರೆಗೆ ಮಲಗಿಸಿ' ಎಂದು ಉಪದೇಶಿಸುವುದು ಅವರ ಬದುಕನ್ನು ಕಾಣದವರ ಮಾತು.

ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಹಳ್ಳಿಯ ಗುಡಿಸಿಲಿಗೆ ಭಾಗ್ಯಜ್ಯೋತಿಯ ಬಲ್ಬು ಬರಲು ಮುಕ್ಕಾಲು ಶತಮಾನ ಹಿಡಿಯಿತು. ಬಲ್ಬಿನ ಹಿಂದೆ ಟಿ.ವಿ., ಟಿ.ವಿ.ಯ ಹಿಂದೆ ಮೊಬೈಲು. ಮಗು ಮಲಗುವ ಹೊತ್ತು ಎಂಟರಿಂದ ಹತ್ತಕ್ಕೆ ಜಾರಿತು, ಏಳುವ ಹೊತ್ತು ಇದ್ದಲ್ಲೇ ಇದೆ. ಸಂಶೋಧಕ ಮೌಲಿಕ್ ಜಗನಾನಿ ಭಾರತದ ಅಂಕಿ-ಅಂಶಗಳನ್ನು ಜಾಲಾಡಿ ತೋರಿಸಿದ್ದೂ ಇದನ್ನೇ: ಒಂದೇ ಗಡಿಯಾರದ ಈ ದೇಶದಲ್ಲಿ ಸೂರ್ಯ ತಡವಾಗಿ ಮುಳುಗುವ ಪಶ್ಚಿಮದ ಕಡೆಯ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆಯ ಗಂಟೆ ಮಾತ್ರ ಅವರಿಗಾಗಿ ಕಾಯುವುದಿಲ್ಲ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಸುಮಾರು ಅರ್ಧ ಗಂಟೆಯ ನಿದ್ದೆ ನಷ್ಟ. ಅವರ ಓದೂ ಕುಂಠಿತವಾಗುತ್ತದೆ.

ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಒಂಬತ್ತಕ್ಕೆ ಮೊದಲು ತೆರೆಯಬಾರದೆಂದಿತು. ಕಾರಣವಾಗಿ ಹೇಳಿದ್ದು ಮಕ್ಕಳ ನಿದ್ದೆಯನ್ನೇ. ಅದಕ್ಕೆ ಹಿಂದಿನ ವರ್ಷ ಬೆಂಗಳೂರಿನಲ್ಲೂ ಹೈಕೋರ್ಟಿನ ಸೂಚನೆಯಂತೆ ಶಾಲಾ ಸಮಯದ ಚರ್ಚೆ ನಡೆದಿತ್ತು. ಅಲ್ಲಿ ಚಿಂತೆಯಾಗಿದ್ದುದು ವಾಹನ ದಟ್ಟಣೆ!

ಹಾಗಾದರೆ ಬೆಳಗ್ಗೆ ಮಗುವನ್ನು ಮಲಗಿಸಿಕೊಳ್ಳುವ ದಾರಿ ಇರುವುದು ಹಿಂದಿನ ಸಂಜೆಯಲ್ಲಿ. ತಡವಾಗಿ ಮಲಗಿಸಿದರೆ ತಡವಾಗಿ ಏಳುತ್ತದೆ ಎಂಬುದು ದೊಡ್ಡವರ ತರ್ಕ. ದಣಿವು ಮೀರಿದ ಮಗು ಇನ್ನೂ ಬೇಗ ಎದ್ದು ಅಳುವುದೇ ಹೆಚ್ಚು. ಎಂಟರೊಳಗೆ ದೀಪ ಆರಿಸುವುದು, ಹೊಟ್ಟೆ ತುಂಬ ಉಣಿಸುವುದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟುವುದು, ನಸುಕಿಗೆ ಎದ್ದರೆ ದೀಪ ಹಾಕದೆ, ಮಾತಾಡದೆ, ಮೊಬೈಲು ಕೊಡದೆ ಪಕ್ಕದಲ್ಲಿ ಮಲಗಿ ಬೆನ್ನು ತಟ್ಟುವುದು. ನಾಲ್ಕಾರು ದಿನ ಇದನ್ನು ಬಿಡದೆ ಮಾಡಬೇಕು. ಆಗಲೂ ಆರು ಗಂಟೆಗೇ ನಗುತ್ತ ಎದ್ದು ಹಗಲೆಲ್ಲ ಲವಲವಿಕೆಯಿಂದಿರುವ ಮಗುವಿದ್ದರೆ ಅದರ ನಿದ್ದೆ ಮುಗಿದಿದೆ ಎಂದೇ ಅರ್ಥ, ತಾಯಿಯದ್ದು ಮುಗಿದಿಲ್ಲದಿರಬಹುದು.

ಕೋಟೆಯ ಪರಿಚಿತರ ಮನೆಯೊಂದರಲ್ಲಿ ಅಜ್ಜಿ ತಮ್ಮ ಹಳೆಯ ಕರಿಕಂಬಳಿಯನ್ನು ಪೂರ್ವದ ಕಿಟಕಿಗೆ ಮೊಳೆ ಹೊಡೆದು ತೂಗುಹಾಕಿದರು. ಸೊಸೆಗೆ ಮೊದಲು ನಾಚಿಕೆಯಾಯಿತಂತೆ, ಬಂದವರು ಏನಂದಾರೆಂದು. ವಾರ ಕಳೆಯುವಷ್ಟರಲ್ಲಿ ನಾಲ್ಕು ವರ್ಷದ ಹುಡುಗ ಏಳರವರೆಗೆ ಮಲಗತೊಡಗಿದ. ಅವನನ್ನು ದೂರದ ಶಾಲೆಗೆ ಒಯ್ಯುವ ವ್ಯಾನು ಗೇಟಿನ ಮುಂದೆ ಹಾರ್ನ್ ಹೊಡೆಯುವುದು ಏಳಕ್ಕೆ ಹತ್ತು ನಿಮಿಷವಿರುವಾಗ.